ಎಡಮೂಲೆಯ ನಂದೀಶ

ನಂದೀಶನಿಗೆ ಕೂರಲು ಬರುವುದಿಲ್ಲ. ಕುರ್ಚಿ ಕೊಟ್ಟರೆ ಅದರ ಬೆನ್ನು ಹಿಡಿದು ನಿಲ್ಲುತ್ತಾನೆ. ಊಟಕ್ಕೆ ಬಡಿಸಿದರೆ ತಟ್ಟೆ ಕೈಯಲ್ಲಿ ಹಿಡಿದು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ಓಡಾಡುತ್ತಲೇ ತಿಂದು ಮುಗಿಸುತ್ತಾನೆ. ಡಬ್ಲಿನ್ನಿನ ಅಂಚಿನ ಕ್ಯಾಸಲ್‌ನಾಕ್‌ನ ಬಾಡಿಗೆ ಮನೆಯಲ್ಲಿ ಅಡುಗೆಮನೆಯ ನೆಲಹಾಸು ಅಷ್ಟು ಉದ್ದಕ್ಕೂ ಸವೆದು ಬೆಳ್ಳಗಾಗಿದೆ. ಮನೆ ಮಾಲೀಕ ನೋಡಿದರೆ ಏನಂತಾನೋ ಎಂದು ಪಾರ್ವತಿ ಅದರ ಮೇಲೊಂದು ಚಾಪೆ ಎಳೆದಿದ್ದಾಳೆ. ಪಾರ್ವತಿ ಅವನ ಹೆಂಡತಿ, ಆಸ್ಪತ್ರೆಯಲ್ಲಿ ನರ್ಸ್. "ಕಾಲಿಗೆ ಚಕ್ರ ಕಟ್ಕೊಂಡೇ ಹುಟ್ಟೌನೆ ನಿನ್ನ ಗಂಡ" ಎಂದು ಅವಳಪ್ಪ ಸಿದ್ದಲಿಂಗಯ್ಯನವರು ಮದುವೆ ಮನೆಯಲ್ಲೇ ಹೇಳಿದ್ದರು. ಹಾರ ಬದಲಾಯಿಸುವಾಗಲೂ ಮದುಮಗ ಈ ಕಾಲಿಂದ ಆ ಕಾಲಿಗೆ ತೂಗುತ್ತಿದ್ದನಂತೆ.

ಕೇಳಿದರೆ ಕಬಡ್ಡಿಯ ಮೇಲೆ ತಪ್ಪು ಹಾಕುತ್ತಾನೆ. ತುಮಕೂರಿನ ಕಾಲೇಜು ತಂಡದಲ್ಲಿ ಅವನು ಎಡಮೂಲೆಯವನು. ಮೂಲೆಯವನು ನಿಂತ ಅಂದರೆ ಕೆಟ್ಟ. ರೇಡಿಗೆ ಬಂದವನು ಎತ್ತ ಜರುಗಿದರೆ ಅತ್ತ ಜರುಗುತ್ತಾ, ಹಿಂದೆ ಹಿಂದೆ ಸರಿದು ಅವನಿಗೆ ಆಸೆ ತೋರಿಸುತ್ತಾ, ಅವನು ಆಳಕ್ಕೆ ಇಳಿದ ಮೇಲೆ ಗಬಕ್ಕನೆ ಪಾದಕ್ಕೆ ಬೀಳಬೇಕು. ಅವರಿಗೆ ಆಟ ಕಲಿಸಿದ ಬಸವಣ್ಣ ಮೇಷ್ಟ್ರ ಬಾಯಲ್ಲಿ ಬರುತ್ತಿದ್ದದ್ದು ಎರಡೇ ಪಾಠ. ಒಂದು, "ಒಳಗೆ ಬಿಡ್ರೋ, ಆಮೇಲೆ ಬಾಗಿಲು ಹಾಕ್ರೋ." ಇನ್ನೊಂದು, "ಮುಖ ನೋಡಬ್ಯಾಡ್ರೋ, ಸೊಂಟ ನೋಡ್ರೋ. ಮುಖ ಸುಳ್ಳು ಹೇಳ್ತದೆ, ಸೊಂಟ ಹೇಳಲ್ಲ." ಎಡಕ್ಕೆ ನೋಡಿ ಬಲಕ್ಕೆ ಹಾರುವ ರೇಡರ್ ಕೂಡ ಸೊಂಟವನ್ನು ಮೊದಲು ಬಲಕ್ಕೇ ತಿರುಗಿಸಬೇಕಲ್ಲ, ಅದಕ್ಕೆ. ನಂದೀಶ ಆಮೇಲೆ ಏನೇನು ಗಳಿಸಿದನೋ ಈ ಎರಡು ಪಾಠಗಳಿಂದ ಗಳಿಸಿದ. ಕಳೆದುಕೊಂಡದ್ದು ಮಾತ್ರ ಅವನದೇ ಬುದ್ಧಿವಂತಿಕೆಯಿಂದ.

ಐರ್ಲೆಂಡಿಗೆ ಅವನು ಬಂದದ್ದು ಓದುವುದಕ್ಕೆ. ಅತ್ಲೋನ್‌ನಲ್ಲಿ ಸರಕು ಸಾಗಣೆಯ ಮೇಲೆ ಎಂತದೋ ಮಾಸ್ಟರ್ಸ್. ಒಂದು ಸಂಜೆ ಜಿನುಗು ಮಳೆಯಲ್ಲಿ ಕಾಲೇಜಿನಿಂದ ಮನೆಗೆ ನಡೆದುಹೋಗುವಾಗ, ಕೆಸರಿನ ಮೈದಾನದಲ್ಲಿ ಹೆಲ್ಮೆಟ್ ಹಾಕಿಕೊಂಡ ಇಪ್ಪತ್ತು ಮೂವತ್ತು ಜನ ಒಬ್ಬರ ಮೇಲೊಬ್ಬರು ಬೀಳುತ್ತಿರುವುದು ಕಂಡಿತು. ಅದು ಅಮೆರಿಕನ್ ಫುಟ್‌ಬಾಲ್. ಹೆಸರು ಫುಟ್‌ಬಾಲ್, ಕಾಲಿಗೆ ಚೆಂಡು ತಾಗುವುದೇ ಅಪರೂಪ. ಮೊಟ್ಟೆಯಂಥ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಎದುರಾಳಿಯ ನೆಲವನ್ನು ಗಜ ಗಜ ಗೆಲ್ಲಬೇಕು. ನಾಲ್ಕು ಯತ್ನದಲ್ಲಿ ಹತ್ತು ಗಜ ಮುಂದೆ ಹೋದರೆ ಚೆಂಡು ನಿಮ್ಮದೇ, ಹೋಗದಿದ್ದರೆ ಅವರದು. ನಂದೀಶನಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಓಡುತ್ತಿದ್ದವನನ್ನು ಹಿಡಿಯಲು ಹೋದವನು ಅವನ ಎದೆಗೆ ಡಿಕ್ಕಿ ಹೊಡೆದು ತಾನೇ ಉರುಳಿದ್ದು ನೋಡಿ ತಡೆಯಲಾಗದೆ, ಬೇಲಿಯ ಆಚೆಯಿಂದ, "ಕಾಲು ಹಿಡಿಯೋ ದಡ್ಡ!" ಎಂದು ಕನ್ನಡದಲ್ಲೇ ಕೂಗಿಬಿಟ್ಟ.

ಕೂಗಿದ್ದು ಕೋಚ್ ಫಿಂಟನ್‌ನ ಕಿವಿಗೆ ಬಿತ್ತು. ಫಿಂಟನ್ ಹಗಲು ಹೊತ್ತು ಪ್ಲಂಬರ್, ಸಂಜೆ ಸಂಬಳವಿಲ್ಲದ ಕೋಚ್. "ಏನೋ ಅಂದ್ಯಲ್ಲ, ಒಳಗೆ ಬಂದು ಮಾಡಿ ತೋರಿಸು" ಎಂದು ಕರೆದ. ನಂದೀಶ ಬ್ಯಾಗು ಬೇಲಿಗೆ ನೇತುಹಾಕಿ, ಶೂ ಕಳಚಿ ಒಳಗೆ ಹೋದ. ತನ್ನ ಎರಡರಷ್ಟಿದ್ದ ಒಬ್ಬನನ್ನು ಪಾದ ಹಿಡಿದು ಕೆಸರಿಗೆ ಕೆಡವಿದ. ಫಿಂಟನ್ ಬಿದ್ದೂ ಬಿದ್ದೂ ನಕ್ಕ. ಮುಂದಿನ ವಾರದಿಂದಲೇ ಹುಡುಗರಿಗೆ ಟ್ಯಾಕಲ್ ಕಲಿಸುವ ಕೆಲಸ ಅವನದಾಯಿತು.

ಮೊದಲ ಪಂದ್ಯದಲ್ಲೇ ಮಾನ ಹೋಯಿತು. ನಂದೀಶ ಬಸವಣ್ಣ ಮೇಷ್ಟ್ರ ಮೊದಲ ಪಾಠವನ್ನೇ ಮೊದಲು ಹೇಳಿಕೊಟ್ಟಿದ್ದ. ಚೆಂಡು ಹಿಡಿದವನು ಬಂದಂತೆಲ್ಲ ಅವನ ಹುಡುಗರು ನಯವಾಗಿ ಹಿಂದೆ ಸರಿದರು, ಇನ್ನಷ್ಟು ಸರಿದರು, ಬನ್ನಿ ಬನ್ನಿ ಅನ್ನುವ ಹಾಗೆ ದಾರಿ ಬಿಟ್ಟರು. ಬಾಗಿಲು ಹಾಕುವಷ್ಟರಲ್ಲಿ ಬಂದವನು ನಡುಮನೆ ದಾಟಿ ಹಿತ್ತಿಲು ಸೇರಿದ್ದ. ಕಬಡ್ಡಿಯಲ್ಲಿ ಒಳಗೆ ಬಂದವನು ವಾಪಸ್ ಹೋಗಬೇಕು. ಈ ಆಟದಲ್ಲಿ ಬಂದವನು ವಾಪಸ್ ಹೋಗುವುದೇ ಇಲ್ಲ, ಬಂದಷ್ಟೂ ನೆಲ ಅವನದು. ಭೂಮಿಯ ಮೇಲೆ ಈ ತಪ್ಪನ್ನು ಕಬಡ್ಡಿ ಆಡಿದವನ ಹೊರತು ಇನ್ಯಾರೂ ಮಾಡಲಾರರು. ಫಿಂಟನ್ ಬೈಯಲಿಲ್ಲ. ಪಂದ್ಯ ಮುಗಿದ ಮೇಲೆ, "ನಂದಿ, ಹುಡುಗರು ಬಹಳ ಮರ್ಯಾದಸ್ಥರಪ್ಪ. ಟೀ ಒಂದು ಕೊಡಲಿಲ್ಲ ಅಷ್ಟೇ" ಅಂದ.

ಆ ರಾತ್ರಿ ನಂದೀಶ ಶ್ಯಾನನ್ ನದಿಯ ದಂಡೆಯಲ್ಲಿ ಹೋಗಿ ಬಂದು, ಹೋಗಿ ಬಂದು ಯೋಚಿಸಿದ. ಮೊದಲ ಪಾಠ ಈ ನೆಲಕ್ಕೆ ಒಗ್ಗುವುದಿಲ್ಲ, ಬಿಟ್ಟ. ಎರಡನೆಯದನ್ನು ಇಟ್ಟುಕೊಂಡ. ಎದುರಾಳಿಯ ಸೊಂಟದ ಮೇಲೆ ಕಣ್ಣು, ತಲೆ ಅವನ ದೇಹದ ಹೊರಬದಿಗೆ, ಎರಡೂ ಕೈ ಬಾಚಿ ಕಾಲಿಗೆ. ತಲೆಗೆ ತಲೆ ಕೊಟ್ಟು ಆಡಿ ಆಟಗಾರರು ಬುದ್ಧಿಭ್ರಮಣೆ ಮಾಡಿಕೊಳ್ಳುತ್ತಿದ್ದಾರೆಂದು ಎಲ್ಲ ದೇಶಗಳ ತಂಡಗಳೂ ಹೆದರಿದ್ದ ಕಾಲ ಅದು. ತಲೆ ತಾಗಿಸದೆ ಆಳನ್ನು ಉರುಳಿಸುವ ವಿದ್ಯೆಗೆ ಬೆಲೆ ಬಂತು. ಫಿಂಟನ್ ಹಾಕಿದ ವಿಡಿಯೊ ನೋಡಿ ಜರ್ಮನಿಯ ಒಂದು ತಂಡ, ಒಂದು ಸೀಸನ್ನಿಗೆ ಬರ್ತೀಯಾ, ಸಂಬಳ ಕೊಡ್ತೀವಿ ಎಂದು ಕೇಳಿತು. ಅಷ್ಟು ಹೊತ್ತಿಗೆ ಮದುವೆಯಾಗಿತ್ತು, ಮಗಳು ಐಶು ಹುಟ್ಟಿ ತೆವಳುತ್ತಿದ್ದಳು. "ಒಂದು ಸೀಸನ್ ತಾನೇ, ಹೋಗಿ ಬಾ" ಎಂದು ಪಾರ್ವತಿಯೇ ಸೂಟ್‌ಕೇಸು ತುಂಬಿಕೊಟ್ಟಳು.

ಒಂದು ಸೀಸನ್ ಅಂದದ್ದು ಆಮೇಲೆ ನಿಲ್ಲಲೇ ಇಲ್ಲ. ಈ ಕಸುಬಿನ ನಿಯಮ ಹಾಗೆ: ಹೆಡ್ ಕೋಚ್ ಎದ್ದರೆ ಅವನ ಪಂಕ್ತಿಯಲ್ಲಿ ಕೂತವರೆಲ್ಲ ಎಲೆ ಬಿಟ್ಟು ಏಳಬೇಕು. ಜರ್ಮನಿಯಲ್ಲಿ ಒಂದು ಬೆಳಿಗ್ಗೆ ಜಿಮ್ಮಿನ ಬಾಗಿಲು ಅವನ ಕಾರ್ಡಿಗೆ ತೆರೆಯಲಿಲ್ಲ. ಹಿಂದಿನ ದಿನ ಹೆಡ್ ಕೋಚನ್ನು ತೆಗೆದಿದ್ದರು, ಇವನಿಗೆ ಹೇಳುವುದನ್ನು ಮರೆತಿದ್ದರು. ಆಮೇಲೆ ಪೋಲೆಂಡ್. ಆಮೇಲೆ ಆಸ್ಟ್ರಿಯಾ, ಅಲ್ಲಿ ತಂಡವೇ ಚಳಿಗಾಲಕ್ಕೆ ಮೊದಲು ಕರಗಿಹೋಯಿತು. ಆಮೇಲೆ ಫಿನ್ಲೆಂಡ್. ಹೋದಲ್ಲೆಲ್ಲ ಅಸಿಸ್ಟೆಂಟ್. ಹೆಡ್ ಕೋಚ್ ಆಗಬೇಕು, ಪಂದ್ಯದ ದಿನ ಮೈದಾನದ ಗೆರೆಯ ಪಕ್ಕದಲ್ಲಿ ತಾನು ಹೇಳಿದ್ದೇ ನಡೆಯಬೇಕು, ಒಂದೇ ಒಂದು ಸಲ ಆದರೂ ಸಾಕು ಎಂಬ ಆಸೆ ಅವನನ್ನು ಹಲ್ಲುನೋವಿನ ಹಾಗೆ ಕಾಡುತ್ತಿತ್ತು. ಮಾರ್ಚಿಗೆ ಹೋಗುವುದು, ಸೆಪ್ಟೆಂಬರಿಗೆ ಬರುವುದು, ಚಳಿಗಾಲದಲ್ಲಿ ಪಾರ್ಸಲ್ ಗೋದಾಮಿನಲ್ಲಿ ದುಡಿಯುವುದು, ದುಡಿಯುತ್ತಲೇ ಫೋನಿನತ್ತ ಕಣ್ಣು ಹಾಯಿಸುವುದು.

ಮನೆ ಅವನಿಲ್ಲದೆ ನಡೆಯುವುದನ್ನು ಕಲಿತುಕೊಂಡಿತು. ಈ ಸಲ ಫಿನ್ಲೆಂಡಿನಿಂದ ಬಂದಾಗ ಊಟದ ಮೇಜಿನಲ್ಲಿ ಅವನ ಜಾಗದಲ್ಲಿ ಬಟ್ಟೆ ಒಣಗಿಸುವ ಸ್ಟ್ಯಾಂಡು ನಿಂತಿತ್ತು. ಹೊರಗೆ ಸದಾ ಮಳೆ, ಬಟ್ಟೆಯನ್ನಾದರೂ ಎಲ್ಲಿ ಹಾಕಬೇಕು? ಪಾರ್ವತಿ ಅದನ್ನು ಒಂದು ವಾರ ನಡುಮನೆಯಲ್ಲಿಟ್ಟು, ಮತ್ತೆ ಅಲ್ಲಿಗೇ ತಂದಳು. ಅವನಿಗೂ ಕೂರುವ ಅಭ್ಯಾಸವಿಲ್ಲವಲ್ಲ, ಯಾರಿಗೂ ಏನೂ ಅನ್ನಿಸಲಿಲ್ಲ. ಐಶುವಿಗೆ ಈಗ ಹನ್ನೆರಡು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ, ಅದೂ ಅಪ್ಪಟ ಡಬ್ಲಿನ್ ರಾಗದಲ್ಲಿ. ಚಿಕ್ಕವಳಿದ್ದಾಗ ನಂದೀಶ ವಿಡಿಯೊ ಕಾಲಿನಲ್ಲೇ ಅವಳಿಗೆ ಸೋಫಾದ ದಿಂಬಿನ ಮೇಲೆ ಟ್ಯಾಕಲ್ ಹೇಳಿಕೊಡುತ್ತಿದ್ದ. "ಎಲ್ಲಿ ನೋಡ್ಬೇಕು?" ಅಂತ ಅವನು ಕೇಳಿದರೆ, ಸೊಂಟ ಮುಟ್ಟಿ ತೋರಿಸಿ, ಕಿರುಚಿ, ದಿಂಬಿನ ಮೇಲೆ ಬೀಳುತ್ತಿದ್ದಳು. ಈಚೆಗೆ ಕಾಲ್ ಮಾಡಿದರೆ ಅರ್ಧ ಮುಖ ತೋರಿಸಿ ಫೋನನ್ನು ಅಮ್ಮನಿಗೆ ದಾಟಿಸುತ್ತಾಳೆ.

"ಸಾಕು ಕಣೇ, ಇನ್ನು ಹೋಗಲ್ಲ" ಅಂದ ಬಂದ ದಿನವೇ. "ಐಶು ಆಣೆ" ಎಂದು ಮಗಳ ತಲೆಯ ಮೇಲೆ ಕೈಯಿಡಲು ಹೋದ. ಪಾರ್ವತಿ ಆ ಕೈಯನ್ನು ಗಾಳಿಯಲ್ಲೇ ಹಿಡಿದು ಕೆಳಗಿಳಿಸಿದಳು. "ಹೋದ್ರೆ ಹೋಗು, ನಾನೇನೂ ಅನ್ನಲ್ಲ. ಮಗು ತಲೆ ಮೇಲೆ ಮಾತ್ರ ಕೈ ಇಡಬೇಡ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಆ ಆಣೆ ನಿಲ್ಲುವುದಿಲ್ಲ ಎಂದು ಅವಳಿಗೆ ಅಷ್ಟು ಖಚಿತವಾಗಿತ್ತು. ನಂದೀಶನಿಗೆ ಕೆನ್ನೆಗೆ ಹೊಡೆದಂತಾಯಿತು.

ಅಕ್ಟೋಬರಿನಲ್ಲಿ ಅವಳೇ ಸರಿ ಎಂದು ರುಜುವಾತಾಯಿತು. ಒಂದು ಗುರುವಾರ ಗೋದಾಮಿನ ಊಟದ ಬಿಡುವಿನಲ್ಲಿ ಪೋಲೆಂಡಿನಿಂದ ಮಾರೆಕ್ ಫೋನ್ ಮಾಡಿದ. ಹಿಂದೆ ಜೊತೆಗೆ ಕೆಲಸ ಮಾಡಿದವನು, ಈಗ ಬೇರೊಂದು ತಂಡದ ಮ್ಯಾನೇಜರ್. ಹೆಡ್ ಕೋಚ್ ಹುದ್ದೆ. ಎರಡು ವರ್ಷದ ಕರಾರು. ಸೀಸನ್ನಿಗೆ ಬಂದು ಹೋಗುವುದಲ್ಲ, ಹನ್ನೆರಡು ತಿಂಗಳೂ ಅಲ್ಲೇ ಇರಬೇಕು. "ನಿನ್ನ ನಂತರ ಇನ್ನೊಬ್ಬ ಕಾಯ್ತಿದ್ದಾನೆ. ಶನಿವಾರ ನಿಮ್ಮ ಐದು ಗಂಟೆಗೆ ಫೋನ್ ಮಾಡ್ತೀನಿ. ಎತ್ತದಿದ್ದರೆ ಅವನಿಗೆ ಮಾಡ್ತೀನಿ" ಎಂದ. ನಂದೀಶ ಗೋದಾಮಿನ ಸುತ್ತ ಎಷ್ಟು ಸುತ್ತು ಹಾಕಿದನೋ, ಬಿಡುವು ಮುಗಿದದ್ದೇ ಗೊತ್ತಾಗಲಿಲ್ಲ.

ಪಾರ್ವತಿಗೆ ಹೇಳಿದಾಗ ಅವಳು ಡ್ಯೂಟಿಗೆ ಹೊರಟು ಬಾಗಿಲಲ್ಲಿ ಶೂ ಕಟ್ಟುತ್ತಿದ್ದಳು. ತಲೆ ಎತ್ತದೆ, "ನಿನ್ನಿಷ್ಟ" ಅಂದಳು. ಐಶು ಅಡುಗೆಮನೆಯಲ್ಲಿದ್ದಳು, ಫ್ರಿಜ್ ಬಾಗಿಲು ತೆಗೆದುಕೊಂಡು. "ಪುಟ್ಟಿ, ಪೋಲೆಂಡಲ್ಲಿ ಹೆಡ್ ಕೋಚ್ ಮಾಡ್ತೀವಿ ಅಂತಿದಾರೆ. ಎರಡು ವರ್ಷ. ಶನಿವಾರ ಐದಕ್ಕೆ ಫೋನ್ ಮಾಡ್ತಾರೆ. ಏನಂತೀಯಾ?" ಅವಳು ಮುಖ ಮಾತ್ರ ಇತ್ತ ತಿರುಗಿಸಿ ನಕ್ಕಳು. "ಯು ವಿಲ್ ಬಿ ಗ್ರ್ಯಾಂಡ್, ಡ್ಯಾಡ್." ಅಷ್ಟೇ. ಇಲ್ಲಿನವರ ಬಾಯಲ್ಲಿ ಗ್ರ್ಯಾಂಡ್ ಅಂದರೆ ದೊಡ್ಡದೇನಲ್ಲ. ಪರವಾಗಿಲ್ಲ, ನಡೆಯುತ್ತೆ ಬಿಡು ಅಂತ. ಬಸ್ ತಪ್ಪಿದರೂ ಗ್ರ್ಯಾಂಡ್, ಟೀಗೆ ಸಕ್ಕರೆ ಇಲ್ಲದಿದ್ದರೂ ಗ್ರ್ಯಾಂಡ್. ಅವಳು ಫ್ರಿಜ್ಜಿನಿಂದ ಏನನ್ನೂ ತೆಗೆದುಕೊಳ್ಳದೆ ತುಂಬಾ ಹೊತ್ತು ನಿಂತೇ ಇದ್ದಳು. ನಂದೀಶ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ನಕ್ಕ ಮುಖವನ್ನು ನೋಡಿದ, ನಂಬಿದ.

ನಂಬಿದ ಮೇಲೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಬೇಡ ಅಂತ ಒಬ್ಬರಾದರೂ ಅನ್ನಬಾರದೇ ಎಂದು ಎರಡು ದಿನ ಒಳಗೊಳಗೇ ಕುದಿದ. ಜಗಳವಾಡಿದ್ದರೆ ತಿರುಗಿ ಜಗಳವಾಡಬಹುದಿತ್ತು. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಮನೆಯವರಿಬ್ಬರೂ ಬಸವಣ್ಣ ಮೇಷ್ಟ್ರ ಪಾಠದಲ್ಲಿ ಅರ್ಧವನ್ನಷ್ಟೇ ಕಲಿತಿದ್ದಾರೆ ಅನ್ನಿಸಿತು. ವರ್ಷ ವರ್ಷವೂ ಅವನನ್ನು ಒಳಗೆ ಬಿಡುತ್ತಾರೆ, ಬಾಗಿಲು ಹಾಕುವುದಿಲ್ಲ. ಹೇಗಿದ್ದರೂ ಹೋಗುವವನು, ಹಾಕಿ ಏನು ಪ್ರಯೋಜನ? ಹಾಗೆ ಮಾಡಿಟ್ಟವನು ತಾನೇ ಎಂಬುದು ಗೊತ್ತಿದ್ದರಿಂದ ಇನ್ನಷ್ಟು ಉರಿಯಿತು. ಸರಿ, ಹೋಗುವುದೇ ಸರಿ, ಮಾರೆಕ್‌ಗೆ ಹೂಂ ಅನ್ನುತ್ತೇನೆ ಎಂದು ತೀರ್ಮಾನಿಸಿಬಿಟ್ಟ.

ಆ ಶನಿವಾರ ಫೀನಿಕ್ಸ್ ಪಾರ್ಕಿನಲ್ಲಿ ಕನ್ನಡದವರ ದಸರಾ ಆಟೋಟ. ದಸರಾ ಮುಗಿದು ಎರಡು ವಾರ ಕಳೆದಿತ್ತು, ಆದರೆ ಇಲ್ಲಿ ಹಬ್ಬ ಬರುವುದು ಮಳೆ ಬಿಡುವು ಕೊಟ್ಟ ದಿನ. ಮೇನೂತ್‌ನಿಂದ ಓದುವ ಹುಡುಗರು ಬಂದಿದ್ದರು, ದೂರದಿಂದ ಜಿಂಕೆಗಳು ಕತ್ತೆತ್ತಿ ನೋಡುತ್ತಿದ್ದವು. ಚಿತ್ರಾನ್ನ, ನಿಂಬೆ-ಚಮಚ, ಹಗ್ಗಜಗ್ಗಾಟ ಎಲ್ಲ ಆದ ಮೇಲೆ ಕಬಡ್ಡಿ. ನಂದೀಶನ ಚೀಲದಲ್ಲಿದ್ದ ತರಬೇತಿಯ ಹಳದಿ ಪ್ಲಾಸ್ಟಿಕ್ ಕೋನುಗಳನ್ನು ಸಾಲಾಗಿಟ್ಟು ಅಂಗಳ ಮಾಡಿದರು. ಮೂರು ತಿಂಗಳಿಗೆಂದು ಮಗಳ ಮನೆಗೆ ಬಂದಿದ್ದ ಸಿದ್ದಲಿಂಗಯ್ಯನವರು ಪ್ಯಾಂಟಿನ ಮೇಲೆ ಟವೆಲ್ ಬಿಗಿದು ಅಳಿಯನ ತಂಡಕ್ಕೆ ಸೇರಿಕೊಂಡರು. ಎದುರಿಗೆ ಪಾರ್ವತಿ, ಐಶು, ಇನ್ನೊಂದಿಷ್ಟು ಹೆಂಗಸರು ಮಕ್ಕಳು. ಸೀಟಿ ಮೇನೂತ್‌ನ ಸುಹಾಸ್‌ನ ಬಾಯಲ್ಲಿ. ನಂದೀಶ ಫೋನನ್ನು ಚೀಲದೊಳಗಿಟ್ಟು, ಚೀಲವನ್ನು ಚೆಸ್ಟ್‌ನಟ್ ಮರದ ಬುಡದಲ್ಲಿಟ್ಟ. ಐದು ಗಂಟೆಗೆ ಇನ್ನೂ ಸ್ವಲ್ಪ ಹೊತ್ತಿತ್ತು.

"ಒಂದು ರೇಡ್ ಹೋಗಿ ಬರ್ತೀನಿ ಮಾವ, ಆಮೇಲೆ ಒಂದು ಫೋನ್ ಐತೆ" ಅಂದ.

"ಹೋಗಿ ಬರೋದೇ ಆಯ್ತಲ್ಲಪ್ಪ ನಿಂದು" ಎಂದರು ಸಿದ್ದಲಿಂಗಯ್ಯನವರು.

ಕಬಡ್ಡಿ ಕಬಡ್ಡಿ ಎನ್ನುತ್ತಾ ಗೆರೆ ದಾಟಿದ. ಮೂಲೆಯವನಾಗಿ ಬೆಳೆದವನಿಗೆ ರೇಡ್ ಅಷ್ಟು ಬಾರದು, ಆದರೆ ಹೆಂಗಸರು ಮಕ್ಕಳ ಎದುರು ಅದೇನು ಮಹಾ. ಅವರು ಹಿಂದೆ ಸರಿದರು. ಇವನು ಒಳಗೆ ಹೋದ. ಅವರು ಇನ್ನೂ ಸರಿದರು, ಇವನು ಇನ್ನೂ ಒಳಗೆ ಹೋದ. ಎಡಮೂಲೆಯಲ್ಲಿ ಐಶು ಬೇಸರದ ಮುಖ ಹಾಕಿಕೊಂಡು ಆಕಾಶ ನೋಡುತ್ತಿದ್ದಳು. ಮಧ್ಯದಲ್ಲಿದ್ದ ಒಬ್ಬಾಕೆಯ ಭುಜ ತಟ್ಟಿ, ನಗುತ್ತಾ, ಗೆರೆಯತ್ತ ತಿರುಗಿದ.

ಕಾಲು ಬರಲಿಲ್ಲ. ಎಡ ಪಾದವನ್ನು ಎರಡು ಕೈ ಬಾಚಿ ಹಿಡಿದಿದ್ದವು. ತಲೆ ಹೊರಬದಿಗೆ, ಕೆನ್ನೆ ಅವನ ಮೀನಖಂಡಕ್ಕೆ ಒತ್ತಿ, ದಿಂಬಿನ ಮೇಲೆ ಹೇಳಿಕೊಟ್ಟಿದ್ದು ಹಾಗೆ ಹಾಗೇ. ಅವನು ಎಳೆದ. ಎಳೆಯುವಷ್ಟರಲ್ಲಿ ಪಾರ್ವತಿ ಓಡಿ ಬಂದು ಸೊಂಟಕ್ಕೆ ಬಿದ್ದಳು, ಅವಳ ಹಿಂದೆ ಉಳಿದವರೆಲ್ಲ ಬಿದ್ದರು. ನಂದೀಶ ಒದ್ದೆ ಹುಲ್ಲಿನ ಮೇಲೆ ಬೋರಲಾಗಿ ಉರುಳಿದ. ಕಬಡ್ಡಿ ಎನ್ನುವ ಉಸಿರು ಬಾಯಲ್ಲೇ ಮುರಿಯಿತು. ಸುಹಾಸ್ ಸೀಟಿ ಊದಿದ. ಎಲ್ಲರೂ ಕೇಕೆ ಹಾಕಿ ಎದ್ದರು, ಪಾರ್ವತಿಯೂ ಎದ್ದಳು.

ಪಾದ ಮಾತ್ರ ಬಿಡುಗಡೆಯಾಗಲಿಲ್ಲ.

"ಐಶು, ನಾನು ಔಟಾದೆ ಕಣೇ ಪುಟ್ಟಿ. ಬಿಡು."

ಅವಳು ಬಿಡಲಿಲ್ಲ. ಸುಹಾಸ್ ಇನ್ನೊಮ್ಮೆ ಸೀಟಿ ಊದಿದ. ನಕ್ಕವರು ನಗು ನಿಲ್ಲಿಸಿದರು.

"ಬಿಡು ಮಗಳೇ."

"ಬಿಡಲ್ಲ" ಅಂದಳು ಐಶು, ಕನ್ನಡದಲ್ಲಿ. ಹುಲ್ಲಿಗೆ ಒತ್ತಿದ್ದ ಅವಳ ಮುಖ ಅವನಿಗೆ ಕಾಣಲಿಲ್ಲ. ಬೆನ್ನು ಮಾತ್ರ ಕಂಡಿತು. ಅದು ನಡುಗುತ್ತಿತ್ತು. ಆಗ ನಂದೀಶನಿಗೆ ಗುರುವಾರದ ಫ್ರಿಜ್ ನೆನಪಾಯಿತು. ಮುಖವೊಂದನ್ನು ಇತ್ತ ತಿರುಗಿಸಿ ನಕ್ಕಿದ್ದಳು. ಮೈ ಇಡೀ ಅತ್ತ ತಿರುಗಿ, ಆ ತಣ್ಣನೆಯ ಬೆಳಕಿನಲ್ಲಿ ಏನೂ ತೆಗೆದುಕೊಳ್ಳದೆ ನಿಂತಿತ್ತು. ಐದು ದೇಶದ ಹುಡುಗರಿಗೆ ಸೊಂಟ ನೋಡ್ರೋ ಎಂದು ಕಿರುಚಿ ಗಂಟಲು ಹರಿದುಕೊಂಡವನು ತನ್ನ ಅಡುಗೆಮನೆಯಲ್ಲಿ ಮುಖ ನೋಡಿ ಮೋಸಹೋಗಿದ್ದ. ಅವನಿಗೆ ನಾಚಿಕೆಯಾಯಿತು.

ಪಾರ್ವತಿ ಬಂದು ಮಗಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಐಶು ಮೂಗು ಒರೆಸಿಕೊಂಡು, ಯಾರನ್ನೂ ನೋಡದೆ, ಎಡಮೂಲೆಗೆ ಹೋಗಿ ನಿಂತಳು. ಸುಹಾಸ್ ಕೋನುಗಳ ಆಚೆಗೆ ಕೈ ತೋರಿಸಿದ. ಔಟಾದವನು ಹೊರಗೆ ಕೂರಬೇಕು. ತನ್ನ ತಂಡದವರು ಯಾರಾದರೂ ಪಾಯಿಂಟ್ ತಂದು ಬದುಕಿಸುವ ತನಕ ಏಳುವಂತಿಲ್ಲ. ನಂದೀಶ ಹೋಗಿ ಹುಲ್ಲಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ.

ಕೂತದ್ದೇ ತಡ, ಮರದ ಬುಡದಲ್ಲಿ ಫೋನು ಹೊಡೆದುಕೊಳ್ಳಲು ಶುರುವಾಯಿತು.

ಹತ್ತು ಹೆಜ್ಜೆ ದೂರ. ಎದ್ದು ಹೋಗಿ ಎತ್ತಿ ಬಂದರೆ ಯಾರೂ ಬೇಡ ಅನ್ನುತ್ತಿರಲಿಲ್ಲ, ಇದೇನು ಒಲಿಂಪಿಕ್ಸೇ? ಎಷ್ಟೋ ವರ್ಷ, ಎಷ್ಟೋ ಊರಿನ ಚಳಿಯಲ್ಲಿ ನಿಂತು ಬೇಡಿಕೊಂಡದ್ದು ಆ ಚೀಲದೊಳಗೆ ಅವನ ಹೆಸರು ಹಿಡಿದು ಕೂಗುತ್ತಿತ್ತು. ಅವನ ತೊಡೆಗಳು ತಾವಾಗಿಯೇ ಬಿಗಿಯಾದವು. ತಲೆ ಎತ್ತಿ ಎದುರು ನೋಡಿದ. ಎಡಮೂಲೆಯಲ್ಲಿ ಐಶು ಮಂಡಿಯ ಮೇಲೆ ಕೈಯೂರಿ ಬಾಗಿ ನಿಂತಿದ್ದಳು. ಅವನ ಮುಖವನ್ನು ನೋಡುತ್ತಿರಲಿಲ್ಲ. ಅವನ ಸೊಂಟವನ್ನೇ ನೋಡುತ್ತಿದ್ದಳು, ಏಳುತ್ತದೋ ಇಲ್ಲವೋ ಎಂದು.

ಫೋನು ನಿಂತಿತು. ಮಾರೆಕ್ ಒಳ್ಳೆಯವನು, ಇನ್ನೊಮ್ಮೆ ಮಾಡಿದ. ಅದೂ ನಿಂತಿತು. ನಂದೀಶ ಅಂಗೈ ತುಂಬ ಹುಲ್ಲು ಕಿತ್ತು ಹಿಡಿದುಕೊಂಡಿದ್ದ, ಕಣ್ಣು ತುಂಬಿತ್ತು. ಪಾರ್ವತಿ ಒಮ್ಮೆ ಮರದ ಕಡೆ ನೋಡಿದಳು, ಒಮ್ಮೆ ಅವನ ಕಡೆ ನೋಡಿದಳು, ಸೆರಗಿಲ್ಲದ ಜಾಕೆಟ್ಟಿನ ತೋಳಿನಲ್ಲಿ ಕಣ್ಣೊರೆಸಿಕೊಂಡಳು.

ಇತ್ತ ಸಿದ್ದಲಿಂಗಯ್ಯನವರು ಟವೆಲ್ ಇನ್ನಷ್ಟು ಬಿಗಿದು, ಅಂಗೈಗೆ ಉಗುಳಿಕೊಂಡು ರೇಡಿಗೆ ಸಿದ್ಧರಾಗಿದ್ದರು.

"ಒಂದು ನಿಮಿಷ ತಡ್ಕೊಳಪ್ಪ ನಂದೀಶ, ಈಗ ಹೋಗಿ ನಿನ್ನ ಬದುಕಿಸ್ಕೊಂಡು ಬಂದ್ಬಿಡ್ತೀನಿ!"

"ನಿಧಾನಕ್ಕೆ ಹೋಗಿ ಮಾವ" ಅಂದ ನಂದೀಶ. "ನಂಗೇನು ಅವಸರ ಇಲ್ಲ."